ಕೊಂಬಿಗೆ ಹಚ್ಚಿದ ಅರಿಶಿನ

ನನ್ನ ಎಡಗೈ ಬಲಗೈಗಿಂತ ತುಸು ದಪ್ಪ. ಹಸು, ಎಮ್ಮೆಗಳ ಹಿಂಬದಿಯಿಂದ ಭುಜದವರೆಗೆ ತೂರಿಸಿ, ಒಳಗಿನ ಗರ್ಭಕೋಶವನ್ನು ತಡಕಿ ತಡಕಿ ಹಾಗಾದದ್ದು. ವಿಜಯವಾಡದ ಪಟಮಟದಲ್ಲಿ ಅಂಗಿ ಹೊಲಿಯುತ್ತಿದ್ದ ದರ್ಜಿ ಮೊದಲ ಸಲ ಅಳತೆ ತೆಗೆದಾಗ ಟೇಪನ್ನು ಎರಡೆರಡು ಬಾರಿ ಸುತ್ತಿ ನೋಡಿ, ಸಾರ್ ವ್ಯಾಯಾಮವನ್ನು ಒಂದೇ ಕೈಗೆ ಮಾಡುತ್ತೀರಾ ಎಂದು ಕೇಳಿದ್ದ. ನನ್ನ ಉದ್ಯೋಗ ಹೇಳಿದ ಮೇಲೆ ಆ ತೋಳಿನ ಹತ್ತಿರ ಬರಲು ಹಿಂಜರಿದ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಅಕ್ಷರಶಃ ಬಾಳಿದವರು ನಾವು.

ನಾನು ಗದಗ ಕಡೆಯವನು. ಪಶುವೈದ್ಯನಾಗಿ ಹೈನುಗಾರಿಕೆಯ ಒಂದು ಸಂಸ್ಥೆಗೆ ಸೇರಿ, ಕೊನೆಯ ಹತ್ತು ವರ್ಷ ಆಂಧ್ರದಲ್ಲಿ ಕಳೆದೆ. ಮೊದಲು ವಿಶಾಖಪಟ್ಟಣ, ಆಮೇಲೆ ವಿಜಯವಾಡ. ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದರಿಂದ ಈಗ ಕೆಲಸಕ್ಕೆ ಸೇರುವವರಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ನಾನು ಎಲ್ಲೆಲ್ಲಿ ಎಡವಿದೆ ಎಂಬುದರಿಂದ ಇದ್ದೀತು. ಇದನ್ನೆಲ್ಲ ಬರೆಯಿರಿ ಎಂದು ಹಟ ಹಿಡಿದವಳು ವಿಜಯವಾಡದಲ್ಲಿ ನನ್ನ ಕೈಕೆಳಗೆ ಇದ್ದ ಕಿರಿಯ ವೈದ್ಯೆ. ಅವಳನ್ನು ಇಲ್ಲಿ ಚೈತ್ರಾ ಎಂದು ಕರೆಯುತ್ತೇನೆ. ಹೆಸರು ಬದಲಾಯಿಸಬೇಕು, ತನ್ನನ್ನು ಎಮ್ಮೆಯ ಜೊತೆ ಒಂದೇ ವಾಕ್ಯದಲ್ಲಿ ಸೇರಿಸಬಾರದು ಎಂದು ಎರಡು ಷರತ್ತು ಹಾಕಿದ್ದಾಳೆ. ಮೊದಲನೆಯದನ್ನು ಪಾಲಿಸಿದ್ದೇನೆ. ಎರಡನೆಯದು ಕಷ್ಟ. ಏಕೆಂದರೆ ಒಂದು ಎಮ್ಮೆಯ ವಿಷಯದಲ್ಲೂ ಅವಳ ವಿಷಯದಲ್ಲೂ ನಾನು ಮಾಡಿದ್ದು ಒಂದೇ ತಪ್ಪು.

ಮೊದಲು ಒಂದಿಷ್ಟು ಪಾಠ. ಬೇಸರಪಡಬೇಡಿ, ನನಗೆ ಇವತ್ತಿಗೂ ಇದು ಸೋಜಿಗದ ವಿಷಯ. ಹಸುವೋ ಎಮ್ಮೆಯೋ, ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರಬೇಕು. ಅಂಡಾಶಯದಿಂದ ಒಂದು ಅಂಡ ಒಡೆದು ಹೊರಗೆ ಬಂದ ಜಾಗದಲ್ಲಿ ಒಂದು ಹಳದಿ ಗಂಟು ಬೆಳೆಯುತ್ತದೆ. ಅಡಿಕೆಗಿಂತ ಸ್ವಲ್ಪ ದೊಡ್ಡದು. ಅದು ಎರಡು ವಾರಕ್ಕೂ ಮಿಕ್ಕಿ ಹಾರ್ಮೋನು ಸುರಿಸುತ್ತ, ತಾಳು, ಗರ್ಭ ನಿಂತಿರಬಹುದು, ಈಗಲೇ ಬೆದೆಗೆ ಬರಬೇಡ ಎಂದು ಮೈಯನ್ನೆಲ್ಲ ತಡೆದು ನಿಲ್ಲಿಸುತ್ತದೆ. ಗರ್ಭ ನಿಂತಿಲ್ಲವೆಂದು ಖಾತ್ರಿಯಾದರೆ ತಾನೇ ಕರಗುತ್ತದೆ, ಬೆದೆ ಮರಳುತ್ತದೆ. ಗರ್ಭ ನಿಂತಿದ್ದರೆ ಕರಗದೆ ಕಾವಲು ಕೂರುತ್ತದೆ. ಈ ಗಂಟನ್ನು ನಮಗೆ ಬೇಕಾದಾಗ ಕರಗಿಸುವ ಚುಚ್ಚುಮದ್ದು ಪ್ರೊಸ್ಟಾಗ್ಲಾಂಡಿನ್. ನಾವು ಅದನ್ನು ಕರಗಿಸುವ ಮದ್ದು ಎನ್ನುತ್ತಿದ್ದೆವು. ಖಾಲಿ ಎಮ್ಮೆಗೆ ಕೊಟ್ಟರೆ ಮೂರು ದಿನದಲ್ಲಿ ಬೆದೆ. ಗಬ್ಬದ ಎಮ್ಮೆಗೆ ಕೊಟ್ಟರೆ ಕಾವಲುಗಾರನನ್ನೇ ಕೊಂದ ಹಾಗೆ, ಎಮ್ಮೆ ಕಂದು ಹಾಕುತ್ತದೆ, ಅಂದರೆ ಗರ್ಭ ಇಳಿದುಹೋಗುತ್ತದೆ. ಒಂದೇ ಗಂಟು, ಒಂದೇ ಮದ್ದು. ಖಾಲಿ ಎಮ್ಮೆಯ ಗಂಟೂ ಗಬ್ಬದ ಎಮ್ಮೆಯ ಗಂಟೂ ಬೆರಳಿಗೆ ಒಂದೇ ತರಹ ಸಿಗುತ್ತವೆ.

ವಿಶಾಖಪಟ್ಟಣದಲ್ಲಿ ನಾವು ಹೊಸ ಪದ್ಧತಿ ಆರಂಭಿಸಿದಾಗ ನನಗೆ ಮದುವೆ ಮನೆಯ ಉತ್ಸಾಹ. ಬೆದೆಗಾಗಿ ಕಾಯುವುದೇ ಬೇಡ, ದಿನ ಲೆಕ್ಕ ಹಾಕಿ ಅಂಡ ಒಡೆಸಬಹುದು. ಮೊದಲ ದಿನ ಒಂದು ಸೂಜಿ, ಏಳನೆಯ ದಿನ ಕರಗಿಸುವ ಮದ್ದು, ಒಂಬತ್ತನೆಯ ದಿನ ಅಂಡ ಬಿಡಿಸುವ ಸೂಜಿ, ಮರುದಿನ ಬೆದೆ ಕಂಡರೂ ಸರಿ ಕಾಣದಿದ್ದರೂ ಸರಿ ವೀರ್ಯ ಕೊಡುವುದು. ಔಷಧಿಯನ್ನು ತಂಪಿನಲ್ಲಿ ಒಯ್ಯಬೇಕಿತ್ತು. ಹಾರ್ಬರಿನ ಮೀನು ಮಾರುಕಟ್ಟೆಯಲ್ಲಿ ಮಂಜುಗಡ್ಡೆ ಸುಲಭವಾಗಿ ಸಿಗುತ್ತಿದ್ದುದರಿಂದ ಅದನ್ನು ನನ್ನ ಊಟದ ಫ್ಲಾಸ್ಕಿಗೆ ತುಂಬಿಸಿ, ಬಸ್ಸಿನಲ್ಲಿ ಅನಕಾಪಲ್ಲಿ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರು ಯಾವ ಮೀನು, ಕಿಲೋ ಎಷ್ಟು ಎಂದು ವಿಚಾರಿಸುತ್ತಿದ್ದರು. ನನ್ನ ಹೆಂಡತಿ ಗಿರಿಜೆ ಈರುಳ್ಳಿಯನ್ನೂ ಯೋಚಿಸಿ ಮುಟ್ಟುವವಳು. ಆ ಫ್ಲಾಸ್ಕನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡಲಿಲ್ಲ.

ಅಲ್ಲಿನ ನನ್ನ ಮೇಲಧಿಕಾರಿಗೆ ಸೂಜಿಯ ಮೇಲೆ ನಂಬಿಕೆಯೇ ಇರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬಾಲದ ಭಂಗಿ, ಕಣ್ಣಿನ ಕಳೆ ನೋಡಿಯೇ ಇದು ನಾಳೆ ಬೆದೆಗೆ ಬರುತ್ತದೆ ಎನ್ನುತ್ತಿದ್ದರು. ಹತ್ತಕ್ಕೆ ಎಂಟು ನಿಜವಾಗುತ್ತಿತ್ತು. ಮೇವು ಸರಿ ಮಾಡದೆ ಸೂಜಿ ಚುಚ್ಚಿದರೆ ಒಣ ಬಾವಿಗೆ ಹಗ್ಗ ಬಿಟ್ಟಂತೆ ಎಂಬುದು ಅವರ ವಾದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಅವರು ಹೇಳಿದ್ದು ಮುಕ್ಕಾಲು ಪಾಲು ಸರಿಯಾಗಿತ್ತು ಎಂದು ಈಗ ಒಪ್ಪುತ್ತೇನೆ.

ಆಗ ಜನವರಿ. ಒಂದು ಹಳ್ಳಿಯ ಹನ್ನೆರಡು ಹಸುಗಳಿಗೆ ಮೊದಲ ಸೂಜಿ ಆಯಿತು, ಏಳನೆಯ ದಿನದ್ದೂ ಆಯಿತು. ಒಂಬತ್ತನೆಯ ದಿನ ಫ್ಲಾಸ್ಕ್ ಹಿಡಿದು ಇಳಿದರೆ ಹಸುಗಳೆಲ್ಲ ಮಿಂದು, ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು, ಕೊರಳಿಗೆ ಹೂ ಹಾಕಿಸಿಕೊಂಡು ನಿಂತಿವೆ. ಕನುಮ. ಸಂಕ್ರಾಂತಿಯ ಮರುದಿನ ದನಗಳಿಗೆ ಪೂಜೆ ಮಾಡುವ ಹಬ್ಬ. ಇವತ್ತು ಇವುಗಳ ಮೈಗೆ ಸೂಜಿಯೇ, ಬಾಬೂ, ನಿಮಗೆ ಹೆತ್ತವರು ಏನೂ ಹೇಳಿಕೊಟ್ಟಿಲ್ಲವೇ ಎಂದು ಒಬ್ಬ ಹಿರಿಯ ಕನಿಕರದಿಂದ ಕೇಳಿದ. ನಾನು ಅಂಡಾಶಯಕ್ಕೆ ಹಬ್ಬವಿಲ್ಲ ಎಂದು ವಾದಿಸಿದೆ. ಅವರು ನನ್ನನ್ನು ಕೂರಿಸಿ ಊಟ ಹಾಕಿ ಕಳಿಸಿದರು. ಮರುದಿನ ಕೊಟ್ಟ ಸೂಜಿಗೆ ಹೊತ್ತು ಮೀರಿತ್ತು, ಗಬ್ಬ ನಿಂತದ್ದು ಎರಡಕ್ಕೆ ಮಾತ್ರ. ಆವತ್ತಿನಿಂದ ನನ್ನ ಮೇಜಿನ ಮೇಲೆ ಔಷಧಿ ಪಟ್ಟಿಯ ಪಕ್ಕದಲ್ಲಿ ತೆಲುಗು ಪಂಚಾಂಗ ಬಂತು. ಹಬ್ಬಗಳನ್ನು ಕಲಿತೆ. ಜನ ಬಾಯಿಬಿಟ್ಟು ಹೇಳದ ಆಚಾರಗಳು ಇನ್ನೂ ಇವೆ, ಅವು ಯಾವ ಪಂಚಾಂಗದಲ್ಲೂ ಇರುವುದಿಲ್ಲ ಎಂಬುದು ತಿಳಿಯಲು ವಿಜಯವಾಡಕ್ಕೆ ಹೋಗಬೇಕಾಯಿತು.

ವಿಜಯವಾಡದ ಬೇಸಿಗೆಯನ್ನು ಕಂಡವರೇ ಬಲ್ಲರು. ಆ ಬಿಸಿಲಿಗೆ ಎಮ್ಮೆಗಳು ಬೆದೆಯನ್ನೇ ಮರೆತುಬಿಡುತ್ತವೆ. ಬಂದರೂ ಕೂಗುವುದಿಲ್ಲ, ಲೋಳೆ ತೋರಿಸುವುದಿಲ್ಲ. ಮೂಕ ಬೆದೆ. ಹೀಗಾಗಿ ಬೇಸಿಗೆಯಲ್ಲಿ ನಾವು ಹಳ್ಳಿ ಹಳ್ಳಿಗಳಲ್ಲಿ ಗೊಡ್ಡು ರಾಸುಗಳ ಶಿಬಿರ ಮಾಡುತ್ತಿದ್ದೆವು. ಬಂದ ರಾಸಿನ ಮಾಲೀಕರಿಗೆಲ್ಲ ಜಂತುಹುಳದ ಮಾತ್ರೆ ಮತ್ತು ಖನಿಜದ ಪುಡಿ ಉಚಿತ. ಈ ಪುಡಿಯ ಮಾತು ನೆನಪಿಟ್ಟುಕೊಳ್ಳಿ.

ಇಬ್ರಾಹಿಂಪಟ್ನಂ ಹತ್ತಿರದ ಒಂದು ಹಳ್ಳಿ. ವಿದ್ಯುತ್ ಸ್ಥಾವರದ ಚಿಮಣಿಗಳು ಎದುರಿಗೇ ಕಾಣುತ್ತಿದ್ದವು. ಬೇವಿನ ಮರದ ಕೆಳಗೆ ಮೇಜು. ನಾನು ಕೈ ಹಾಕಿ ನೋಡಿ ಹೇಳುವುದು, ಚೈತ್ರಾ ಔಷಧಿಯನ್ನು ಸಿರಿಂಜಿಗೆ ಎಳೆದು ಚುಚ್ಚುವುದು. ಅವಳು ಮದ್ದೂರಿನವಳು, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಗಂಡ ಪಟಮಟದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿದ್ದ. ಬೆಳಿಗ್ಗೆಯೇ ಅವಳು ತೆಳು ಕೈಗವಸು ಬೇಕೆಂದು ಕೇಳಿದ್ದಳು. ಕರಗಿಸುವ ಮದ್ದು ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಉಬ್ಬಸದವರೂ ಹೆಂಗಸರೂ ಎಚ್ಚರದಿಂದಿರಬೇಕು ಎಂದು ಡಬ್ಬಿಯೊಳಗಿನ ಚೀಟಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತದೆ. ನಾನು ಓದಿದ್ದೆ. ಒಂದು ಹನಿಗೆ ಏನಾಗುತ್ತದೆ, ಈ ಬಿಸಿಲಲ್ಲಿ ಗವಸು ಹಾಕಿಕೊಂಡರೆ ಕೈ ಬೆಂದೀತು ಎಂದು ತಮಾಷೆ ಮಾಡಿದೆ. ನನ್ನ ಎಡಗೈಗೆ ಮಾತ್ರ ಭುಜದವರೆಗೆ ಗವಸಿತ್ತು.

ನಲವತ್ತನೆಯದೋ ಏನೋ, ವೆಂಕಾಯಮ್ಮನ ಎಮ್ಮೆ ಬಂತು. ಅರವತ್ತರ ಹತ್ತಿರದ ಒಂಟಿ ಹೆಂಗಸು. ಮನೆಯಲ್ಲಿ ಅವಳು ಮತ್ತು ಆ ಎಮ್ಮೆ, ಹೆಸರು ರಾಣಿ. ಎರಡು ವರ್ಷದಿಂದ ಈದಿರಲಿಲ್ಲ. ದಲ್ಲಾಳಿ ಆಗಲೇ ಎರಡು ಸಲ ಬಂದು ಬೆನ್ನು ಸವರಿ ಹೋಗಿದ್ದ. ಬೆನ್ನು ಸವರುವುದೆಂದರೆ ಮಾಂಸ ಅಳೆಯುವುದು. ಕೋಣಕ್ಕೆ ಬಿಟ್ಟಿದ್ದೀರಾ, ವೀರ್ಯದ ಸೂಜಿ ಹಾಕಿಸಿದ್ದೀರಾ ಎಂದು ನಿಯಮದಂತೆ ಕೇಳಿದೆ. ಲೇದಂಡಿ, ಇಲ್ಲ ಎಂದಳು. ಕೈ ಹಾಕಿದೆ. ಬಲ ಅಂಡಾಶಯದ ಮೇಲೆ ಚೆನ್ನಾಗಿ ಬಲಿತ ಹಳದಿ ಗಂಟು. ಗರ್ಭಕೋಶದ ಎರಡು ಕವಲುಗಳನ್ನು, ನಾವು ಕೊಂಬು ಎನ್ನುವುದನ್ನು, ಬೆರಳ ನಡುವೆ ಮೆಲ್ಲಗೆ ಜಾರಿಸಿ ನೋಡಬೇಕಿತ್ತು. ಹಿಂದೆ ಇನ್ನೂ ಇಪ್ಪತ್ತು ಎಮ್ಮೆ ನಿಂತಿದ್ದವು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಕೈ ತಪ್ಪುವುದಿಲ್ಲ ಎಂಬ ಜಂಬ. ಮೂಕ ಬೆದೆ, ಕರಗಿಸುವ ಮದ್ದು ಕೊಡು ಎಂದೆ. ಚೈತ್ರಾ ಕೊಟ್ಟಳು. ವೆಂಕಾಯಮ್ಮ ಪುಡಿಯ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಹೋದಳು.

ನಾಲ್ಕನೆಯ ದಿನ ಅವಳು ಬಸ್ಸು ಹಿಡಿದು ವಿಜಯವಾಡದ ನಮ್ಮ ಆಫೀಸಿಗೆ ಬಂದಳು. ಜಗಳಕ್ಕಲ್ಲ. ರಾಣಿ ಕಂದು ಹಾಕಿತು, ನೀವು ಶಕ್ತಿಗೆಂದು ಕೊಟ್ಟ ಸೂಜಿ ಅದಕ್ಕೆ ಸೇರಲಿಲ್ಲವೇನೋ ಎಂದಳು. ಎರಡು ತಿಂಗಳ ಹಿಂದೆ ಕಾಲುವೆ ದಂಡೆಯಲ್ಲಿ ಯಾರದೋ ಕೋಣ ಹಾರಿತ್ತಂತೆ. ಮತ್ತೆ ನಾನು ಕೇಳಿದಾಗ ಇಲ್ಲ ಎಂದದ್ದೇಕೆ ಎಂದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೂರು ತಿಂಗಳು ತುಂಬದೆ, ಅಷ್ಟು ಜನರ ಎದುರಿಗೆ ಹೇಳುತ್ತಾರೆಯೇ, ದೃಷ್ಟಿಯಾಗುವುದಿಲ್ಲವೇ? ಗಬ್ಬದ ಎಮ್ಮೆಯನ್ನು ಗೊಡ್ಡು ಶಿಬಿರಕ್ಕೆ ತಂದದ್ದೇಕೆ ಎಂದರೆ, ಪುಡಿಗೆ. ಎಲ್ಲರೂ ಪುಡಿಗೇ ಬರುತ್ತಾರೆ ಎಂದಳು. ತಪ್ಪು ನನ್ನದು ಎಂದು ನಾನು ಎರಡು ಸಲ ಹೇಳಿದೆ. ಡಾಕ್ಟರುಗಾರು ದೊಡ್ಡ ಮನಸ್ಸಿನಿಂದ ಹಾಗೆನ್ನುತ್ತಿದ್ದಾರೆ ಎಂದುಕೊಂಡಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಅಂದು ಸಂಜೆ ಮನೆಯಲ್ಲಿ ಇದನ್ನು ಹೇಳಿ, ಎಂಥಾ ಮೂಢನಂಬಿಕೆ ನೋಡು ಎಂದೆ. ಗಿರಿಜೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ಅದರಾಗೇನು ಆಶ್ಚರ್ಯ ಬಂತ್ರೀ? ನಾ ಬಸುರಿದ್ದಾಗ ಮೂರು ತಿಂಗಳ ತನಕ ನಿಮ್ಮ ಅವ್ವಗೂ ಹೇಳಿದ್ದಿಲ್ಲ. ನೀವೂ ಸುಮ್ನ ಇದ್ರಿ. ಹೆಣ್ಮಕ್ಕಳನ್ನ ಮಂದಿ ಮುಂದ ಬಾಯಿಲೆ ಕೇಳಬ್ಯಾಡ್ರಿ, ಕೇಳಿದ್ರ ಇಲ್ಲಂತಾರ."

ಬಾಯಿಂದ ಕೇಳಬಾರದು ಎಂದರೆ ಮತ್ತೆ ಹೇಗೆ? ಉಪಾಯವನ್ನೂ ಅವಳೇ ಕೊಟ್ಟಳು. ಮುಂದಿನ ಶಿಬಿರದಿಂದ ಮೇಜಿನ ತುದಿಯಲ್ಲಿ ಒಂದು ಅರಿಶಿನದ ಡಬ್ಬಿ ಇಟ್ಟೆವು. ಎಮ್ಮೆ ಗಬ್ಬವಿರಬಹುದೆಂದು ಸ್ವಲ್ಪವಾದರೂ ಅನುಮಾನವಿದ್ದರೆ ಕೊಂಬಿಗೆ ಒಂದು ಬೊಟ್ಟು ಹಚ್ಚಿ, ಏನೂ ಹೇಳಬೇಡಿ, ಪುಡಿ ಹೇಗೂ ಸಿಗುತ್ತದೆ ಎಂದು ಸಾರಿದೆವು. ಅರಿಶಿನ ಹಚ್ಚಿದರೆ ದೃಷ್ಟಿಯೂ ತಾಗುವುದಿಲ್ಲವಲ್ಲ. ನನ್ನ ವಯಸ್ಸಿನ ವೈದ್ಯರು ನಕ್ಕರು. ಮೊದಲ ದಿನವೇ ಐವತ್ತರಲ್ಲಿ ಏಳು ಎಮ್ಮೆಗಳು ಹಳದಿ ಕೊಂಬು ಹೊತ್ತು ಬಂದವು. ಏಳನ್ನೂ ನಿಧಾನವಾಗಿ ನೋಡಿದೆ, ನಾಲ್ಕು ಗಬ್ಬವಿದ್ದವು. ನಾಲ್ಕೂ ಮಾಲೀಕರು ಬಾಯಲ್ಲಿ ಲೇದಂಡಿ ಎಂದೇ ಹೇಳಿದ್ದರು. ನಾನು ಇದರ ಬಗ್ಗೆ ಒಂದು ಸಭೆಯಲ್ಲಿ ಭಾಷಣವನ್ನೂ ಮಾಡಿದೆ. ಜನರ ಮನಸ್ಸನ್ನು ಓದುವ ಕಲೆ ಎಂದೇನೋ ತಲೆಬರಹ.

ರಾಣಿ ಕಂದು ಹಾಕಿದ ಮರುವಾರ ಚೈತ್ರಾ ಮೂರು ದಿನ ರಜೆ ಹಾಕಿದ್ದಳು. ಜ್ವರ ಎಂದು ಚೀಟಿ ಬಂದಿತ್ತು. ಶಿಬಿರಗಳ ಗಡಿಬಿಡಿ, ಕೆಲಸಕ್ಕೆ ಜನ ಕಡಿಮೆ. ಚೀಟಿಯ ಮೇಲೆ ಏನೋ ಗೀಚಿ ಫೈಲಿಗೆ ಹಾಕಿದೆ. ಅವಳು ಮರಳಿ ಬಂದಾಗ ಬಿಳಿಚಿಕೊಂಡಿದ್ದಳು. ಬಿಸಿಲು ಅಂದುಕೊಂಡೆ.

ಮರುವರ್ಷ ಅದೇ ಹಳ್ಳಿ, ಅದೇ ಬೇವಿನ ಮರ. ರಾಣಿಗೆ ಚಳಿಗಾಲದಲ್ಲಿ ಎರಡು ಸಲ ವೀರ್ಯ ಕೊಟ್ಟರೂ ನಿಂತಿರಲಿಲ್ಲ. ಈ ಬೇಸಿಗೆ ದಾಟಿದರೆ ಕೊಟ್ಟುಬಿಡುತ್ತೇನೆ ಎಂದು ವೆಂಕಾಯಮ್ಮ ದಲ್ಲಾಳಿಗೆ ಮಾತು ಕೊಟ್ಟಿದ್ದಳು. ಆ ದಿನ ಸಾಲಿನಲ್ಲಿ ರಾಣಿ ಬಂದಾಗ ಅದರ ಎರಡೂ ಕೊಂಬು ಬುಡದಿಂದ ತುದಿಯವರೆಗೆ ಅರಿಶಿನ. ಬೊಟ್ಟು ಸಾಕು ಎಂದಿದ್ದರೂ ಅರ್ಧ ಡಬ್ಬಿ ಬಳಿದಿದ್ದಳು. ನಾನು ಕೈ ಹಾಕಿ, ಉಸಿರು ಹಿಡಿದು, ಗರ್ಭಕೋಶದ ಕೊಂಬುಗಳನ್ನು ಬೆರಳಲ್ಲಿ ಜಾರಿಸಿದೆ. ಬಲಗಡೆಯದು ತುಸು ಉಬ್ಬಿತ್ತು. ಒಳಗೆ ನೀರು ತುಂಬಿದ ತೆಳು ಬಲೂನಿನ ಹಾಗೆ. ಒಂದೂವರೆ ತಿಂಗಳು. ನಾನೂ ಏನೂ ಹೇಳಲಿಲ್ಲ. ಪುಡಿಯ ಎರಡು ಪೊಟ್ಟಣ ಕೊಟ್ಟೆ. ಅವಳು ಎಮ್ಮೆಯನ್ನು ನೆರಳಿಗೆ ಕಟ್ಟಿ ಅಲ್ಲೇ ಕುಳಿತಳು.

ನನಗೆ ನನ್ನ ಮೇಲೆಯೇ ಬಹಳ ಮೆಚ್ಚುಗೆಯಾಗಿತ್ತು. ಮುಂದಿನ ಎಮ್ಮೆ ಖಾಲಿ ಇತ್ತು. ಕರಗಿಸುವ ಮದ್ದು ಎಳೆ ಎಂದು ಚೈತ್ರಾಳಿಗೆ ಹೇಳಿದೆ. ಅವಳು ಬಾಟಲಿ ಮುಟ್ಟಲಿಲ್ಲ. ಇವತ್ತು ತಾನು ರಿಜಿಸ್ಟರ್ ಬರೆಯುತ್ತೇನೆ, ಮದ್ದನ್ನು ಬೇರೆ ಯಾರಾದರೂ ಎಳೆಯಲಿ ಎಂದಳು. ಕಾರಣ ಕೇಳಿದೆ. ಹೇಳಲಿಲ್ಲ. ಹಿಂದಿನ ವಾರವೂ ಹೀಗೇ ಏನೋ ನೆಪ ಹೇಳಿದ್ದಳು. ನನಗೆ ಸಿಟ್ಟು ಬೇಗ ಬರುತ್ತದೆ, ಬಂದಾಗ ಗದಗದ ಮಾತೂ ಬರುತ್ತದೆ.

"ಡಾಕ್ಟರಕಿ ಮಾಡಾಕ ಬಂದೀಯೋ, ಗುಮಾಸ್ತಿಕಿ ಮಾಡಾಕ ಬಂದೀಯೋ?"

ಸಾಲಿನಲ್ಲಿದ್ದವರಿಗೆ ಕನ್ನಡ ಬಾರದು, ಆದರೆ ಬೈಗುಳಕ್ಕೆ ಭಾಷೆ ಬೇಕೆ? ನಲವತ್ತು ಜನರ ಎದುರಿಗೆ ಚೈತ್ರಾಳ ಮುಖ ಕೆಂಪಾಯಿತು. ತಲೆ ಬಗ್ಗಿಸಿ ಬಾಟಲಿಗೆ ಕೈ ಚಾಚಿದಳು.

ನೆರಳಲ್ಲಿ ಕುಳಿತಿದ್ದ ವೆಂಕಾಯಮ್ಮ ಎದ್ದು ಬಂದಳು. ಚೈತ್ರಾಳ ಕೈಯಿಂದ ಬಾಟಲಿ ತೆಗೆದುಕೊಂಡು ಮೇಜಿನ ಮೇಲೆ ನನ್ನ ಎದುರಿಗೆ ಇಟ್ಟಳು. ಆಮೇಲೆ ಡಬ್ಬಿಯಲ್ಲಿ ಬೆರಳದ್ದಿ, ಆ ಹುಡುಗಿಯ ಮುಂಗೈ ಮೇಲೆ ಒಂದು ಅರಿಶಿನದ ಬೊಟ್ಟು ಇಟ್ಟಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನ ಮುಖ ನೋಡುತ್ತಿದ್ದರು. ಅಷ್ಟು ಹೆಂಗಸರಿಗೆ ಕಣ್ಣಲ್ಲೇ ತಿಳಿದದ್ದು, ಮೂವತ್ತು ವರ್ಷ ಗರ್ಭ ಪರೀಕ್ಷೆಯನ್ನೇ ಮಾಡಿದ ನನಗೆ ತಿಳಿದಿರಲಿಲ್ಲ. ಬಾಟಲಿ ತೆಗೆದುಕೊಂಡು ನಾನೇ ಮದ್ದು ಎಳೆದೆ.

ಶಿಬಿರ ಮುಗಿದ ಮೇಲೆ ಜೀಪಿನ ಹತ್ತಿರ ಅವಳೇ ಮಾತು ತೆಗೆದಳು.

"ಹೋದ್ ವರ್ಷಾನೂ ನಿಂತಿತ್ತು ಸಾರ್. ಎರಡು ತಿಂಗ್ಳಿಗೇ ಹೋಯ್ತು. ಜ್ವರ ಅಂತ ಬರ್ಕೊಟ್ಟಿದ್ನಲ್ಲ, ಅದೇ. ಆ ಮದ್ದಿನಿಂದ್ಲೇ ಹೋಯ್ತು ಅಂತ ನಾನ್ ಹೇಳಲ್ಲ. ಆದ್ರೆ ಅಲ್ಲ ಅಂತ ಹೇಳಕ್ಕೆ ನಿಮ್ ಕೈಲೂ ಆಗಲ್ಲ."

ಆಗುವುದಿಲ್ಲ. ಹಾಗೆಯೇ ಹೋಗುವ ಗರ್ಭಗಳು ಎಷ್ಟೋ ಇರುತ್ತವೆ. ಒಂದು ಹನಿ ಚರ್ಮದ ಮೇಲೆ ಬಿದ್ದಿತ್ತೋ ಇಲ್ಲವೋ, ಬಿದ್ದಿದ್ದರೆ ಎಷ್ಟು ಒಳಗಿಳಿಯಿತೋ, ಯಾರು ಬಲ್ಲರು? ಗೊತ್ತಿರುವುದು ಇಷ್ಟೇ: ಅವಳು ಗವಸು ಕೇಳಿದ್ದಳು, ನಾನು ನಗೆಯಾಡಿದ್ದೆ. ತಪ್ಪಾತವ್ವಾ ಎಂದೆ. ಅವಳು ಜೀಪು ಹತ್ತಿ ಕಿಟಕಿಯ ಹೊರಗೆ ನೋಡುತ್ತ ಕುಳಿತಳು.

ಅಲ್ಲಿಂದ ಮುಂದೆ ನಮ್ಮ ಶಿಬಿರಗಳಲ್ಲಿ ಕರಗಿಸುವ ಮದ್ದು ಎಳೆಯುವ ಕೆಲಸ ನನ್ನದೇ ಆಯಿತು, ಗವಸು ಹಾಕಿಕೊಂಡು. ಯಾವ ಹೆಣ್ಣುಮಗಳು ಬಂದರೂ, ಕಾರಣ ಕೇಳದೆ, ನೀನು ರಿಜಿಸ್ಟರ್ ನೋಡಿಕೋ ಎನ್ನುತ್ತಿದ್ದೆ. ಕೇಳಿ ತಿಳಿದುಕೊಳ್ಳುವ ಕುತೂಹಲ ನನ್ನ ಹುಟ್ಟುಗುಣ. ಈ ಒಂದು ವಿಷಯದಲ್ಲಿ ಅದನ್ನು ಗಂಟು ಕಟ್ಟಿ ಇಟ್ಟೆ. ರಾಣಿ ಮುಂದಿನ ಚಳಿಗಾಲದಲ್ಲಿ ಹೆಣ್ಣು ಕರು ಹಾಕಿತು. ಗಿಣ್ಣು ಹಾಲನ್ನು ವೆಂಕಾಯಮ್ಮ ಸ್ಟೀಲಿನ ಡಬ್ಬಿಯಲ್ಲಿ ಹಿಡಿದು ಬಸ್ಸಿನಲ್ಲಿ ಬಂದಳು. ನನಗಲ್ಲ, ಚೈತ್ರಾಳಿಗೆ. ಅಷ್ಟರಲ್ಲಿ ಅವಳಿಗೂ ಮಗಳು ಹುಟ್ಟಿ ತಿಂಗಳಾಗಿತ್ತು.

ಈಗ ನಿಮ್ಮ ಕಾಲಕ್ಕೆ ಅಲ್ಟ್ರಾಸೌಂಡ್ ಬಂದಿದೆ, ಇಪ್ಪತ್ತೆಂಟು ದಿನದ ಗರ್ಭ ಪರದೆಯ ಮೇಲೆ ಮಿಡಿಯುವುದನ್ನೇ ತೋರಿಸುತ್ತದೆ. ಮೊದಲ ಬಾರಿ ಅದನ್ನು ನೋಡಿದಾಗ ನಾನು ಊಟ ಮರೆತು ನಿಂತಿದ್ದೆ. ಯಂತ್ರವಿದ್ದರೆ ಬಳಸಿ. ಆದರೂ ಅರಿಶಿನದ ಡಬ್ಬಿ ಇಟ್ಟುಕೊಳ್ಳಿ.

ನಿವೃತ್ತಿಯ ದಿನ ಫೈಲುಗಳನ್ನು ಒಪ್ಪಿಸುತ್ತಿದ್ದಾಗ ಹಳೆಯ ರಜೆ ಚೀಟಿಗಳ ಕಟ್ಟು ಸಿಕ್ಕಿತು. ಬೇಡವೆಂದರೂ ಹುಡುಕಿದೆ. ಚೈತ್ರಾಳ ಚೀಟಿ ಇತ್ತು, ಜ್ವರ, ಮೂರು ದಿನ. ಅದರ ಅಡಿಯಲ್ಲಿ ಕೆಂಪು ಶಾಯಿಯಲ್ಲಿ ನನ್ನ ಇಂಗ್ಲಿಷು: ಶಿಬಿರದ ಹೊತ್ತಿಗೇ ಜ್ವರ ಬರುವುದು ಅಭ್ಯಾಸವಾಗಬಾರದು, ರಜೆ ಇಲ್ಲ. ಹೀಗೆ ಬರೆದದ್ದು ನನಗೆ ಮರೆತೇ ಹೋಗಿತ್ತು. ಅವಳಿಗೆ ಮರೆತಿರಲಿಕ್ಕಿಲ್ಲ. ಚೀಟಿ ಹಿಡಿದು ಅವಳ ಮೇಜಿಗೆ ಹೋದೆ. ಅವಳ ಮುಂದಿಟ್ಟೆ. ಅವಳು ಓದಿದಳು. ಆಮೇಲೆ ತನ್ನ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟಳು.

"ಈಗ ಮಂಜೂರ್ ಮಾಡಿ ಸಾರ್. ಕನ್ನಡದಲ್ಲೇ ಬರೀರಿ, ಇಲ್ಲಿ ಯಾರ್ಗೂ ಓದಕ್ಕೆ ಬರಲ್ಲ."

ಕೆಂಪು ಅಕ್ಷರಗಳ ಕೆಳಗೆ ಮಂಜೂರು ಎಂದು ಬರೆದು, ಸಹಿ ಮಾಡಿ, ಆ ದಿನದ ತಾರೀಖು ಹಾಕಿದೆ. ನನ್ನ ಸರ್ವೀಸಿನಲ್ಲಿ ನಾನು ಮಾಡಿದ ಕೊನೆಯ ಸಹಿ ಅದು.